ಚುಕ್ಕೆ ಇಲ್ಲದ ಪ್ರಶ್ನೆ

ಹುಕ್ಕೇರಿ
೭ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಸಂಘಮಿತ್ರಾ,

ಜೈಭೀಮ. ನಿನ್ನ ಕೆಮ್ಮು ಹೇಗಿದೆ? ಬುಧವಾರ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ದಿಲ್ಲಿಯ ಹೊಗೆಗೆ ಎಲ್ಲರೂ ಕೆಮ್ಮುತ್ತಾರೆ ಎಂದು ನಕ್ಕು ತೇಲಿಸಿಬಿಟ್ಟೆ. ಇಪ್ಪತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಊರ ಮಂದಿಗೆಲ್ಲ ಔಷಧ ಕೊಟ್ಟ ನರ್ಸಬಾಯಿ ತಾನು ಮಾತ್ರ ಗುಳಿಗೆ ನುಂಗುವುದಿಲ್ಲ ಎನ್ನುವುದು ನನಗೆ ಹೊಸದಲ್ಲ. ರಾತ್ರಿ ಬಿಸಿನೀರು ಕುಡಿ, ಕಿವಿಗೆ ಶಾಲು ಸುತ್ತಿಕೋ. ಪಾರ್ಲಿಮೆಂಟಿನ ಒಳಗೆ ಎಸಿ ಜೋರು ಎನ್ನುತ್ತಿದ್ದೆ. ಅಲ್ಲಿಗೂ ಶಾಲು ಒಯ್ಯಿ, ಯಾರೂ ಏನೂ ಅನ್ನುವುದಿಲ್ಲ. ಇಲ್ಲಿ ಅವ್ವ ಆರಾಮಾಗಿದ್ದಾಳೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಆದರೆ ಚಹಾದಲ್ಲಿ ಸಕ್ಕರೆ ಇಲ್ಲದಿದ್ದರೆ ನನ್ನೊಡನೆ ಮಾತು ಬಿಡುತ್ತಾಳೆ. ಮಗಳು ಸಪ್ನಾ ಬೆಳಗಾವಿಯಿಂದ ಹೋದ ವಾರ ಬಂದಿದ್ದಳು, ಪರೀಕ್ಷೆ ಚೆನ್ನಾಗಿ ಬರೆದಿದ್ದಾಳಂತೆ. ಅವಳ ಮುಖ ನೋಡಿದರೆ ಹೌದು ಅನಿಸಿತು. ನನ್ನ ಡ್ಯೂಟಿ ಎಂದಿನಂತೆ. ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಕೌಜಲಗಿ, ಮತ್ತೆ ಹಿಂದಕ್ಕೆ. ನೀನು ಎಂಪಿ ಆಗಿ ಒಂದೂವರೆ ವರ್ಷವಾದರೂ ಹೊಸ ಪ್ರಯಾಣಿಕರು ಯಾರಾದರೂ ಒಬ್ಬರು ದಿನಾ ಕೇಳಿಯೇ ಕೇಳುತ್ತಾರೆ: "ಎಂಪಿ ಗಂಡ ಆಗಿ ಇನ್ನೂ ಟಿಕೇಟ ಹರೀತೀರೇನ್ರಿ?" ಹೌದ್ರಿ, ಮುಂದ ಸರೀರಿ, ಎನ್ನುತ್ತೇನೆ.

ಫೋನು ಇರುವಾಗ ಈ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನಿನಗೆ ಇನ್ನೊಂದು ಕರೆ ಬರುತ್ತದೆ, ನೀನು "ಹಾಂ ಹಾಂ" ಅನ್ನತೊಡಗುತ್ತೀ, ನನಗೆ ನಾನು ಏನು ಹೇಳುತ್ತಿದ್ದೆ ಎನ್ನುವುದೇ ಮರೆಯುತ್ತದೆ. ಇವತ್ತು ಹೇಳಬೇಕಾದ್ದು ಅರ್ಧಕ್ಕೆ ನಿಲ್ಲುವ ಮಾತಲ್ಲ. ನನ್ನ ವಾರದ ರಜೆ ಇವತ್ತು. ಅವ್ವ ಬುದ್ಧವಿಹಾರಕ್ಕೆ ಹೋಗಿದ್ದಾಳೆ. ನಿನ್ನೆ ಬಾಬಾಸಾಹೇಬರ ಪರಿನಿರ್ವಾಣದ ದಿನ ಹಚ್ಚಿದ ಮೇಣಬತ್ತಿಗಳ ಮೇಣ ಕೆರೆದು ನೆಲ ತೊಳೆಯಲು ಹೆಂಗಸರೆಲ್ಲ ಸೇರಿದ್ದಾರೆ. ಮನೆ ಸುಮ್ಮನಿದೆ. ಕುಳಿತು ಬರೆಯುತ್ತಿದ್ದೇನೆ.

ಬುಧವಾರ ಶೂನ್ಯವೇಳೆಯಲ್ಲಿ ನೀನು ಮಾತಾಡಿದ್ದನ್ನು ನಾನು ನೋಡಿದೆ. ನಮ್ಮ ಗಾಡಿ ಆಗ ಗೋಕಾಕ ಸ್ಟ್ಯಾಂಡಿನಲ್ಲಿ ನಿಂತಿತ್ತು. ಡ್ರೈವರ್ ಬೀರಸಿದ್ದಪ್ಪ ತನ್ನ ಮೊಬೈಲನ್ನು ಸ್ಟೇರಿಂಗಿಗೆ ಆನಿಸಿ ಇಟ್ಟಿದ್ದ. ಐದಾರು ಜನ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ನೀನು ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಕನ್ನಡದಲ್ಲಿಯೇ ಶುರು ಮಾಡಿದೆ. ನದಿದಂಡೆಯ ನಮ್ಮ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಹೆರಿಗೆ ನೋವಿನ ಹೆಣ್ಣುಮಕ್ಕಳ ಮನೆಯವರು ಗುಡ್ಡ ಹತ್ತಿ ಫೋನ್ ಮಾಡಬೇಕಾಗಿದೆ ಎಂದು ಹೇಳುತ್ತಿರುವಾಗಲೇ ಸಮಯ ಮುಗಿದ ಗಂಟೆ ಹೊಡೆಯಿತು. ನೀನು ಒಂದು ವಾಕ್ಯ ಮುಗಿಸುವ ಅಪ್ಪಣೆ ಕೇಳಿದೆ. ಬಾಯಿ ಆಡುತ್ತಿತ್ತು, ಧ್ವನಿ ನಿಂತಿತು. ಬೀರಸಿದ್ದಪ್ಪ ಮೊಬೈಲನ್ನು ಎತ್ತಿ ಅಲುಗಾಡಿಸಿ, "ಏ, ಇಲ್ಲಿ ರೇಂಜ್ ಹೋತೇನೋ?" ಎಂದ. ಇಲ್ಲಪ್ಪಾ, ಅಲ್ಲಿಯ ಮೈಕು ಬಂದ್ ಆತು ಎಂದೆ. ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡು, "ಮುಂದಿಂದ ನಾವು ತಿಳ್ಕೋತೀವಿ ಬಿಡು, ಗುಡ್ಡ ಹತ್ತಿದಾವ್ರು ನಾವs ಅಲ್ಲೇನು" ಎಂದು ಗಾಡಿ ಚಾಲೂ ಮಾಡಿದ.

ಅವತ್ತು ಸಂಜೆ ನೀನು ಫೋನ್ ಮಾಡಿ ಹೇಳಿದ ಮಾತು ನಾಲ್ಕು ದಿನದಿಂದ ನನ್ನ ತಲೆಯಲ್ಲಿದೆ. "ಸಾಕಾತ್ರಿ ನನಗ. ಇದೊಂದು ಸಲ ಮುಗಸ್ತೀನಿ, ಮತ್ತ ನಿಂದ್ರೂದಿಲ್ಲ. ಹಿಂದಿನ ಬೆಂಚಿನ್ಯಾಗ ಕುಂತು ನಾ ಮಾತಾಡಿದ್ದು ಗ್ವಾಡಿಗೂ ಕೇಳೂದಿಲ್ಲ. ಇದಕ್ಕಿಂತ ಸೂಜಿ ಚುಚ್ಚೂದು ಚಲೋ ಇತ್ತು, ಕೂಸು ಅತ್ತಾದ್ರೂ ಅಳತಿತ್ತು" ಎಂದೆ. ನಾನು ಆಗ ಏನೂ ಹೇಳಲಿಲ್ಲ. ಹೇಳುವಂಥದ್ದು ಇತ್ತು, ಆದರೆ ಅದು ದೊಡ್ಡದು, ಮತ್ತು ಅದರಲ್ಲಿ ನನ್ನದೊಂದು ತಪ್ಪೂ ಇರಬಹುದು.

ಅದನ್ನು ಹೇಳುವ ಮೊದಲು ಅವ್ವನ ಸುದ್ದಿ. ಅಧಿವೇಶನ ಶುರುವಾದರೆ ನಮ್ಮ ಮನೆಯ ಟೀವಿಯಲ್ಲಿ ಬೇರೆ ಯಾವುದೂ ನಡೆಯುವುದಿಲ್ಲ. ಅವ್ವ ಬೆಳಗ್ಗೆ ಹನ್ನೊಂದಕ್ಕೆ ಚಾಪೆ ಹಾಸಿ ಕುಳಿತರೆ ಊಟಕ್ಕೂ ಏಳುವುದಿಲ್ಲ. ಮಾತು ಒಂದೂ ಅರ್ಥವಾಗುವುದಿಲ್ಲ, ಅದು ಅವಳಿಗೆ ಬೇಕಾಗಿಯೂ ಇಲ್ಲ. ಯಾರೋ ದೊಡ್ಡವರು ಮಾತಾಡುತ್ತಿರುವಾಗ ಕ್ಯಾಮೆರಾ ಒಮ್ಮೆ ಹಿಂದಕ್ಕೆ ತಿರುಗುತ್ತದಲ್ಲ, ಆ ಒಂದು ಗಳಿಗೆಗಾಗಿ ಕಾಯುತ್ತಾಳೆ. "ಅಲ್ಲಿ ನೋಡೋ ಲಖನಾ, ಆ ಮೂಲ್ಯಾಗ, ನೀಲಿ ಸೀರಿ" ಎನ್ನುತ್ತಾಳೆ. ನಾನು ನೋಡುವುದರೊಳಗೆ ಹೋಗಿಬಿಟ್ಟಿರುತ್ತದೆ. ನಿನ್ನೆ ಮೇಣಬತ್ತಿ ಹಚ್ಚಿ ಬಂದ ಮೇಲೆ ನಿನ್ನ ಫೋನಿನ ಮಾತನ್ನು ಅವಳಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವಳು ಕಾಲು ನೀವಿಕೊಳ್ಳುತ್ತ ಹೀಗೆಂದಳು: "ನಾ ಎರಡ ವರ್ಷ ಸಾಲಿಗೆ ಹೋದಾಕಿ. ನಮ್ಮ ಹುಡುಗೂರನ್ನ ಹೊರಗ ಕಟ್ಟಿಮ್ಯಾಲ ಕುಂದರಸ್ತಿದ್ರು. ಮಾಸ್ತರ ಹೇಳಿದ್ದು ಅರ್ಧ ಕೇಳತಿತ್ತು, ಅರ್ಧ ಗಾಳಿಗೆ ಹೋಗತಿತ್ತು. ಹಿಂದಿನ ಬೆಂಚ ಅಂದ್ರ ಏನ ಕಡಿಮಿ? ಒಳಗ ಐತಲ್ಲ." ಇಷ್ಟು ಹೇಳಿ ಮಲಗಲು ಹೋದಳು. ಅವ್ವ ಶಾಲೆಗೆ ಹೋಗಿದ್ದಳು ಎನ್ನುವುದೇ ನನಗೆ ಐವತ್ತೆರಡು ವರ್ಷ ಗೊತ್ತಿರಲಿಲ್ಲ ನೋಡು. ಅದಕ್ಕೇ ಇವತ್ತು ಕಾಗದ ಹಿಡಿದೆ.

ಈಗ ಕೇಳು. ಆಗಸ್ಟಿನಲ್ಲಿ ನೀನು ನನಗೆ ಎರಡು ಪುಟದ ಒಂದು ಉತ್ತರ ಕಳಿಸಿದ್ದೆ, ನೆನಪಿದೆಯೇ? ರೇಷನ್ ಅಂಗಡಿಯ ಮಶೀನು ಬೆರಳು ಒಪ್ಪದಿದ್ದರೆ ಬಡವರು ಏನು ಮಾಡಬೇಕು ಎಂದು ನೀನು ಕೇಳಿದ ಪ್ರಶ್ನೆ. ಅದು ಚುಕ್ಕೆ ಗುರುತಿನ ಪ್ರಶ್ನೆಯಾಗಿದ್ದರೆ ಮಂತ್ರಿ ಎದ್ದು ನಿಂತು ಬಾಯಿಂದ ಉತ್ತರ ಹೇಳುತ್ತಿದ್ದರು, ನೀನು ತಿರುಗಿ ಕೇಳಬಹುದಿತ್ತು. ಚೀಟಿ ಎತ್ತುವಾಗ ನಿನ್ನದಕ್ಕೆ ಚುಕ್ಕೆ ಬರಲಿಲ್ಲ. ಹಾಗಾಗಿ ಬರೆದ ಉತ್ತರವಷ್ಟೇ ಬಂತು, ಸದನದಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಉತ್ತರದ ಜೊತೆ ನೀನು ಒಂದೇ ಸಾಲು ಬರೆದಿದ್ದೆ: "ನೋಡ್ರಿ, ಇಷ್ಟs." ಉತ್ತರದ ಮೊದಲ ಪುಟದಲ್ಲಿ ಅಂಥ ದೂರುಗಳು ನಿರ್ದಿಷ್ಟವಾಗಿ ಬಂದಿಲ್ಲ ಎಂದಿತ್ತು. ನಿನಗೆ ಅದನ್ನು ಓದಿ ಸಿಟ್ಟು ಬಂದಿತ್ತು. ನೀನು ಮುಂದಕ್ಕೆ ಓದಲಿಲ್ಲ ಎಂದು ನನ್ನ ಅನುಮಾನ.

ನಾನು ಓದಿದೆ. ನಾನು ಇಪ್ಪತ್ತನಾಲ್ಕು ವರ್ಷದಿಂದ ಸರ್ಕ್ಯುಲರಿನಲ್ಲಿ ಬದುಕಿದವನು. ಇಲಾಖೆಯ ಕಾಗದದಲ್ಲಿ ಮೊದಲ ಪುಟ ಜಂಬಕ್ಕೆ, ಕೆಲಸದ ಮಾತು ಕೊನೆಗೆ ಎನ್ನುವುದು ಯಾವ ಕಂಡಕ್ಟರನಿಗೂ ಗೊತ್ತು. ಎರಡನೆಯ ಪುಟದ ಕೆಳಗೆ ಒಂದು ಸಾಲು ಇತ್ತು. ಬೆರಳಚ್ಚು ಹೊಂದಿಕೆಯಾಗಲಿಲ್ಲ ಎಂಬ ಕಾರಣಕ್ಕೆ ಅರ್ಹರಾದ ಯಾರಿಗೂ ಧಾನ್ಯ ನಿರಾಕರಿಸುವಂತಿಲ್ಲ; ಅಂಥವರ ಹೆಸರನ್ನು ಅಂಗಡಿಯಲ್ಲಿ ಇಟ್ಟಿರುವ ವಿನಾಯಿತಿ ಪುಸ್ತಕದಲ್ಲಿ ಬರೆದುಕೊಂಡು ಧಾನ್ಯ ಕೊಡತಕ್ಕದ್ದು. ನಾನು ಅದನ್ನು ಮೂರು ಸಲ ಓದಿದೆ. ನನಗೆ ಮರೆವ್ವ ನೆನಪಾದಳು.

ಮರೆವ್ವನನ್ನು ನೀನು ಮರೆತಿರಲಾರೆ, ಆ ಪ್ರಶ್ನೆ ಅವಳದೇ. ಕೌಜಲಗಿಯಿಂದ ಆಚೆಯ ಊರಿನವಳು. ಊರು ನಿನಗೆ ಗೊತ್ತು, ಕಾಗದದಲ್ಲಿ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಮೂವತ್ತು ವರ್ಷ ಬೆಲ್ಲದ ಗಾಣದಲ್ಲಿ ಒಲೆಗೆ ಕಬ್ಬಿನ ಒಣ ಎಲೆಯ ರವದಿ ಒಟ್ಟಿದವಳು. ಹೋದ ಬೇಸಿಗೆಯಲ್ಲಿ ನೀನು ಆ ಕಡೆ ಹೋದಾಗ ಎಲ್ಲರೂ ಹಾರ ಹಿಡಿದು ನಿಂತಿದ್ದರೆ ಅವಳು ಬರಿಗೈ ಚಾಚಿ, "ನೋಡ ನರ್ಸಬಾಯಿ, ಇದರಾಗ ಗೆರಿ ಅದಾವೇನ? ಥಂಬ್ ಹತ್ತವಲ್ದು ಅಂತಾನ. ಬೆಂಕಿ ತಿಂದ ಹೆಬ್ಬಟ್ಟಿಗೆ ಗೆರಿ ಎಲ್ಲಿಂದ ತರ್ಲಿ?" ಎಂದಿದ್ದಳು. ನೀನು ಅವಳ ಬೆರಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ್ದೆ, ಗಾಯ ನೋಡುವ ಹಾಗೆ.

ಉತ್ತರ ಇಂಗ್ಲಿಷಿನಲ್ಲಿತ್ತು. ಅದನ್ನು ಹಿಡಿದುಕೊಂಡು ಶ್ರೇಣಿಕ ಮಾಸ್ತರರ ಮನೆಗೆ ಹೋದೆ. ಹೈಸ್ಕೂಲಿನಲ್ಲಿ ನನಗೂ ನಿನಗೂ ಇಂಗ್ಲಿಷ್ ಕಲಿಸಿದವರು, ಈಗ ಎಂಬತ್ತರ ಹತ್ತಿರ, ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಅವತ್ತು ಊಟದ ಹೊತ್ತು ಮೀರುತ್ತಿದೆ ಎಂದು ಮನೆಯವರು ಒಳಗಿನಿಂದ ಮರಾಠಿಯಲ್ಲಿ ಎರಡು ಸಲ ಕೂಗಿದರೂ ಏಳದೆ ಕನ್ನಡ ಮಾಡಿ ಕೊಟ್ಟರು. ಒಂದೊಂದು ಶಬ್ದಕ್ಕೂ ತಡೆದರು. "ಕೊಡಬಹುದು" ಅಲ್ಲ, "ಕೊಡತಕ್ಕದ್ದು" ಎಂದೇ ಬರೆಯಬೇಕು ಎಂದರು. ಮೇಲೆ ನಿನ್ನ ಹೆಸರು ಮತ್ತು ಪ್ರಶ್ನೆಯ ಸಂಖ್ಯೆ ಇತ್ತು. ನಾನು ಹೆಸರು ತೆಗೆಯಿರಿ ಎಂದೆ. ಚುನಾವಣೆ ಗೆದ್ದ ದಿನ ನೀನು ನನ್ನಿಂದ ಮಾತು ತೆಗೆದುಕೊಂಡಿದ್ದೆಯಲ್ಲ, "ನನ್ನ ಹೆಸರ ಹೇಳಿ ಯಾರಿಗೂ ಒಂದ ಫೋನ್ ಸುದ್ದಾ ಮಾಡಬಾರದ್ರಿ" ಎಂದು. ಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಲಖನ, ಹೆಸರ ನೀ ಹಾಕಿಲ್ಲ, ಲೋಕಸಭಾದಾವ್ರು ಹಾಕ್ಯಾರ. ಯಾರು ಕೇಳಿದ್ರು ಅನ್ನೂದು ಬಿಟ್ರ ಉತ್ತರಕ್ಕ ತಲಿನs ಇರೂದಿಲ್ಲ" ಎಂದರು. ಹೆಸರು ಹಾಗೇ ಉಳಿಯಿತು. ಇದೇ ನನ್ನ ತಪ್ಪು, ತಪ್ಪಾಗಿದ್ದರೆ. ಅಕ್ಟೋಬರಿನಲ್ಲಿ ನೀನು ನಾಲ್ಕು ದಿನಕ್ಕೆ ಬಂದಾಗ ಹೇಳದೆ ಇದ್ದದ್ದೂ ಇದಕ್ಕೇ. ಪೂರ್ತಿ ಓದಿ ನೀನೇ ತೀರ್ಪು ಕೊಡು.

ಒಂದು ಬದಿಗೆ ಇಂಗ್ಲಿಷ್, ಒಂದು ಬದಿಗೆ ಕನ್ನಡ. ಝೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಮರೆವ್ವ ಗಾಡಿ ಹತ್ತಿದಾಗ ಕೊಟ್ಟೆ. ಅವಳಿಗೆ ಓದು ಬರುವುದಿಲ್ಲ. ಆ ಸಾಲನ್ನು ಓದಿ ಹೇಳು ಎಂದಳು, ಗೋಕಾಕ ಬರುವ ತನಕ ನಾಲ್ಕು ಸಲ ಓದಿಸಿದಳು. ಮರುದಿನ ಅದೇ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಸುಮ್ಮನೆ ಕಿಟಕಿ ಬಾಜೂ ಕುಳಿತಳು. ಏನಾಯಿತು ಎಂದರೆ, "ಭೀಮರಾಯ ಓದಿದ. ಈ ಕಾಗದ ದಿಲ್ಲ್ಯಾಗ ನಡೀತೈತಿ, ಇಲ್ಲಿ ಮಶೀನ್ ನಡೀತೈತಿ ಅಂದ" ಎಂದಳು. ಅಂಗಡಿಯವನ ಹೆಸರು ಭೀಮರಾಯ. ಅವಳು ಕಾಗದ ವಾಪಸು ಕೊಡಲಿಕ್ಕೆ ಬಂದಿದ್ದಳು. ಇನ್ನೊಬ್ಬರಿಗೆ ಉಪಯೋಗವಾದೀತು ಎಂದು. ನನಗೆ ಅದನ್ನು ತಿರುಗಿ ತೆಗೆದುಕೊಳ್ಳಲು ಕೈ ಬರಲಿಲ್ಲ. ಆ ಹೊತ್ತಿಗೆ ಅವಳ ಮನೆಗೆ ಅಂಗಡಿಯ ಅಕ್ಕಿ ಬಂದು ಮೂರು ತಿಂಗಳಾಗಿತ್ತು.

ಮುಂದಿನ ಭಾನುವಾರ ಯೂನಿಫಾರ್ಮು ಬಿಟ್ಟು ಸಾದಾ ಅಂಗಿಯಲ್ಲಿ ನಾನೇ ಹೋದೆ. ಮಾತಾಡುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತೇನೆ ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೋಗಿ ನೋಡಿದರೆ ಮರೆವ್ವ ಒಬ್ಬಳೇ ಇರಲಿಲ್ಲ. ಗಾಣದಲ್ಲಿ ದುಡಿದವರು, ಅರಿಷಿಣ ಬಿಡಿಸಿ ಬಿಡಿಸಿ ಬೆರಳು ಸವೆದವರು, ಎಲ್ಲ ಸೇರಿ ಒಂಬತ್ತು ಹೆಂಗಸರು ಚೀಲ ಹಿಡಿದು ನಿಂತಿದ್ದರು. ಮಶೀನು ಒಬ್ಬೊಬ್ಬರದೂ ಬೆರಳು ನೋಡಿ ಕೆಂಪು ದೀಪ ತೋರಿಸಿತು. ಭೀಮರಾಯ ನನ್ನ ಗುರುತು ಹಿಡಿದ. "ಎಂಪಿ ಮನ್ಯಾವ್ರಲ್ಲೇನ್ರಿ? ಹೊರಗ ಯಾಕ ನಿಂತೀರಿ, ಒಳಗ ಬರ್ರಿ" ಎಂದು ಖುರ್ಚಿ ಎಳೆದ. ನಾನು ಹೋಗಲಿಲ್ಲ. ಆಗ ಅವನು ಹತ್ತಿರ ಬಂದು ದನಿ ತಗ್ಗಿಸಿ, "ಮುದುಕಿದು ಒಬ್ಬಾಕಿದು ನಾ ಹೆಂಗರ ಮಾಡಿ ಕೊಡ್ತೀನ್ರಿ, ನಿಮ್ಮ ಮಾತ ತಗದ ಹಾಕೂದಿಲ್ಲ. ಉಳದಾವ್ರದು ಕೇಳಬ್ಯಾಡ್ರಿ" ಎಂದ.

ಸಂಘಮಿತ್ರಾ, ಖರೆ ಹೇಳುತ್ತೇನೆ, ನನ್ನ ಬಾಯಿಗೆ 'ಆಗಲಿ' ಬಂದಿತ್ತು. ಮೂರು ತಿಂಗಳು ಉಪವಾಸದ ಮುದುಕಿ, ಚೀಲ ತುಂಬಿದರೆ ಸಾಕು ಅನಿಸಿತು. ಆದರೆ ಮರೆವ್ವನ ಕಿವಿ ಚುರುಕು. ಅವಳು ಮುಂದೆ ಬಂದು, "ಯಪ್ಪಾ ಭೀಮರಾಯಾ, ಆ ಕಾಗದದಾಗ ಮರೆವ್ವ ಅಂತ ಐತೇನ? ಯಾರಿಗೂ ಅಂತ ಐತಿ. ಯಾರಿಗೂ ಅಂದ್ರ ಇವರೆಲ್ಲಾರೂ. ನನ್ನ ಚೀಲ ಕಡೀಕ ತುಂಬು, ಮೊದಲ ಅವರದು ತುಂಬು" ಎಂದಳು. ಜೋರಾಗಿ ಏನೂ ಹೇಳಲಿಲ್ಲ. ನಾನು ನನ್ನ ಕಾಲ ಕಡೆ ನೋಡುತ್ತ ನಿಂತೆ. ನಿನ್ನ ಹೆಸರು ಹೇಳದೆ ಇರುವುದೇ ದೊಡ್ಡ ವ್ರತ ಎಂದುಕೊಂಡಿದ್ದವನು ನಾನು. ಅವಳು ತನ್ನ ಹೆಸರನ್ನೇ ಬಿಟ್ಟುಕೊಟ್ಟಳು.

ಭೀಮರಾಯ ಕೆಟ್ಟವನಲ್ಲ ಎಂದು ಅವತ್ತು ಗೊತ್ತಾಯಿತು. ಅವನಿಗೆ ಹೆದರಿಕೆ. "ಮಶೀನ್ ಒಪ್ಪಲಾರದ ಕಾಳು ಕೊಟ್ರ ನಾಳಿ ಸ್ಟಾಕ್ ಕೂಡೂದಿಲ್ರಿ. ನನ್ನ ಮ್ಯಾಲ ನೋಟೀಸ ಬಂದ್ರ ಈ ಕಾಗದ ನನ್ನ ಬಾಜೂ ನಿಂದ್ರತೈತೇನು?" ಎಂದು ಕೇಳಿದ. ಆಗ ನಾನು ಒಂದೇ ಒಂದು ಮಾತು ಆಡಿದೆ. ಗಾಡಿಯಲ್ಲಿ ಜಗಳ ತೆಗೆಯುವ ಪ್ರಯಾಣಿಕರಿಗೆ ಕಂಡಕ್ಟರುಗಳು ಯಾರೂ ಹೆದರುವುದಿಲ್ಲ. "ಬರದು ಕೊಡ್ರಿ" ಎನ್ನುವವರಿಗೆ ಮಾತ್ರ ಹೆದರುತ್ತೇವೆ. ಆ ಗುಟ್ಟನ್ನು ಆ ಹೆಂಗಸರಿಗೆ ಹೇಳಿಕೊಟ್ಟೆ. ಒಂಬತ್ತೂ ಜನ ಒಬ್ಬರಾದ ಮೇಲೊಬ್ಬರು, "ಕೊಡೂದಿಲ್ಲ ಅಂತ ಬರದು ಕೊಡು ಯಪ್ಪಾ, ಹೋಗತೀವಿ" ಎಂದರು. ಭೀಮರಾಯ ಪೆನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಕೊನೆಗೆ ಮೂಡಲಗಿಗೆ ಫೋನ್ ಮಾಡಿ ಫುಡ್ ಇನ್ಸ್‌ಪೆಕ್ಟರರನ್ನು ಕರೆದ.

ಭಾನುವಾರ ಅವರು ಬರುತ್ತಾರೆಂದು ಯಾರೂ ತಿಳಿದಿರಲಿಲ್ಲ. ಒಂದೂವರೆ ತಾಸಿನಲ್ಲಿ ಸ್ಕೂಟಿಯ ಮೇಲೆ ಬಂದರು. ಭಾಗ್ಯಾ ಎಂದು ಹೆಸರು, ಹೊಸದಾಗಿ ಕೆಲಸಕ್ಕೆ ಸೇರಿದವರು, ನಮ್ಮ ಸಪ್ನಾಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಾನು ಯಾರೆಂದು ಅವರಿಗೆ ಯಾರೂ ಹೇಳಲಿಲ್ಲ. ಭೀಮರಾಯ ಹೇಳಲು ಬಾಯಿ ತೆರೆದಾಗ ಮರೆವ್ವ ಅವನ ಕೈ ಹಿಡಿದು ತಡೆದಳು. ಭಾಗ್ಯಾ ಕಾಗದವನ್ನು ನಿಂತಲ್ಲೇ ಓದಿದರು. ಇಂಗ್ಲಿಷಿನ ಬದಿಯನ್ನೂ ಓದಿದರು. ಆಮೇಲೆ ಭೀಮರಾಯನಿಗೆ, "ವಿನಾಯಿತಿ ಪುಸ್ತಕ ಎಲ್ಲೈತ್ರಿ?" ಎಂದರು. ಅಂಥದ್ದು ತನಗೆ ಬಂದೇ ಇಲ್ಲ ಎಂದ ಅವನು. ಪ್ರತಿ ಅಂಗಡಿಗೂ ಕೊಟ್ಟಿದೆ, ನೀಲಿ ಬೈಂಡಿನದು, ಹುಡುಕಿರಿ ಎಂದರು. ಕಪಾಟು ನೋಡಿದರು, ಚೀಲಗಳ ಹಿಂದೆ ನೋಡಿದರು. ಕೊನೆಗೆ ಸಿಕ್ಕಿದ್ದು ತೂಕದ ಮಶೀನಿನ ಕೆಳಗೆ. ನೆಲ ಓರೆಯಾಗಿದೆಯೆಂದು ಮಟ್ಟ ಮಾಡಲು ಅದನ್ನು ಅಡಿಗೆ ಕೊಟ್ಟಿದ್ದರು. ಒಂದು ಹಾಳೆಯೂ ಬರೆದಿರಲಿಲ್ಲ. ಭಾಗ್ಯಾ ನಗಲೂ ಇಲ್ಲ, ಬೈಯಲೂ ಇಲ್ಲ. ಧೂಳು ಒರೆಸಿ, ತಾವೇ ಗೆರೆ ಎಳೆದು, ಮೊದಲ ಹೆಸರು ಬರೆದರು. ಭೀಮರಾಯನಿಗೆ, "ಇದರಾಗ ಬರದು ನನ್ನ ಸಹಿ ತಗೋರಿ. ಸ್ಟಾಕಿನ ಜವಾಬ್ದಾರಿ ನಂದು" ಎಂದರು. ಅವನ ಮುಖದ ಮೇಲಿನ ಎಷ್ಟೋ ತಿಂಗಳಿನ ಭಾರ ಇಳಿದದ್ದು ಕಂಡಿತು. ಮರೆವ್ವನ ಹೆಸರು ಒಂಬತ್ತನೆಯದು. ಹಿಂದಿನ ತಿಂಗಳುಗಳದ್ದು ಮಾತ್ರ ಸಿಗಲಿಲ್ಲ, ಹೋದದ್ದು ಹೋಯಿತು. ಆದರೆ ಅವತ್ತಿನಿಂದ ಇವತ್ತಿನ ತನಕ ಅವಳ ಚೀಲ ಒಂದು ತಿಂಗಳೂ ಬರಿದಾಗಿ ತಿರುಗಿಲ್ಲ. ಭೀಮರಾಯ ಈಗ ಆ ಉತ್ತರವನ್ನು ಗೋಡೆಗೆ ಅಂಟಿಸಿದ್ದಾನೆ, ಹೆಬ್ಬೆಟ್ಟು ಹತ್ತದವರನ್ನು ತಾನೇ ಹೆಸರು ಹಿಡಿದು ಕರೆಯುತ್ತಾನೆ. ಅದಕ್ಕೇ ಊರಿನ ಹೆಸರು ಬರೆಯಲಿಲ್ಲ. ತಿದ್ದಿಕೊಂಡವನನ್ನು ಮತ್ತೆ ಯಾಕೆ ಸುದ್ದಿ ಮಾಡುವುದು.

ಆಮೇಲೆ ಆ ಕಾಗದಕ್ಕೆ ಕಾಲು ಬಂದವು. ನಾನು ಗೋಕಾಕ ಸ್ಟ್ಯಾಂಡಿನಲ್ಲಿ ಇಬ್ಬರು ಕಂಡಕ್ಟರುಗಳಿಗೆ ಹೇಳಿದೆ, ಅವರು ಇನ್ನಿಬ್ಬರಿಗೆ. ಯಾರ ಗಾಡಿಯಲ್ಲಾದರೂ ಹೆಂಗಸರು ರೇಷನ್ ಮಾತು ತೆಗೆದು ನಿಟ್ಟುಸಿರು ಬಿಟ್ಟರೆ ಟಿಕೇಟಿನ ಜೊತೆ ಒಂದು ಕಾಗದ. ದಡ್ಡಿಗೆ ಹೋಗುವ ಗಾಡಿಯ ಕಂಡಕ್ಟರ್ ಸೂರಜ ಹೇಳಿದ್ದು ಕೇಳು: ಒಬ್ಬ ಮುದುಕ ಅಂಗಡಿಗೆ ಹೋಗಿ ಕಾಗದ ತೋರಿಸಿದ. ಇದು ಯಾರು ಕೊಟ್ಟದ್ದು ಎಂದು ಅಂಗಡಿಯವ ಕೇಳಿದರೆ, "ನಮ್ಮ ನರ್ಸಬಾಯಿ ದಿಲ್ಲ್ಯಾಗ ಕೇಳ್ಯಾಳ, ದಿಲ್ಲಿ ಹೌದು ಅಂದೈತಿ" ಎಂದನಂತೆ. ನೀನು ಸೋತೆ ಎಂದುಕೊಂಡ ಉತ್ತರವನ್ನು ಅವನು ಹೀಗೆ ಓದಿದ. ಸರಕಾರ ನಿನಗೆ 'ದೂರು ಬಂದಿಲ್ಲ' ಎಂದು ಹೇಳಿತು, ನಿಜ. ಅದೇ ಉಸಿರಿನಲ್ಲಿ ಯಾರಿಗೂ ಇಲ್ಲ ಎನ್ನುವಂತಿಲ್ಲ ಎಂದೂ ಬರೆದು ಸಹಿ ಮಾಡಿತು. ಆ ಸಾಲು ನಿಯಮದಲ್ಲಿ ಮೊದಲೇ ಇತ್ತೆಂದು ಭಾಗ್ಯಾ ಹೇಳಿದರು. ಇದ್ದರೆ ಏನು? ನೀನು ಕೇಳುವ ತನಕ ಅದು ನಮ್ಮ ಬಸ್ಸು ಹತ್ತಿರಲಿಲ್ಲ.

ನಾನು ಭಾಷಣ ಮಾಡುವವನಲ್ಲ, ಅದು ನಿನ್ನ ಕೆಲಸ. ಆದರೂ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಿನಗೆ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ. ನಿನ್ನ ದೊಡ್ಡತನ ನನ್ನ ಮೇಲೆ ಬೀಳದ ಹಾಗೆ ನೋಡಿಕೊಂಡಿದ್ದೀ. ಕೆಲಸ ಬಿಡಿ ಎನ್ನಲಿಲ್ಲ, ಬಿಳಿ ಅಂಗಿ ಹಾಕಿರಿ ಎನ್ನಲಿಲ್ಲ, ಅವರಿವರ ಕಾರಿನಲ್ಲಿ ಹತ್ತಿಸಲಿಲ್ಲ. ನಾನು ಇವತ್ತಿಗೂ ನನ್ನ ಸೀಟಿ ಊದಿ, ನನ್ನ ಪಗಾರ ತಂದು, ನನ್ನ ಅವ್ವನಿಗೆ ಚಹಾ ಮಾಡಿಕೊಟ್ಟು ನೆಮ್ಮದಿಯಿಂದ ಮಲಗುತ್ತೇನೆ. ನೀನು ಕೇಳಿದ ಒಂದು ಪ್ರಶ್ನೆಯನ್ನು ನನ್ನ ಗಾಡಿಯಲ್ಲಿ ಹೊತ್ತು ತಿರುಗುವ ಭಾಗ್ಯ ನನಗೆ ಸಿಕ್ಕಿತು. ಇದಕ್ಕೆ ನಾನು ನಿನ್ನ ಋಣಿ. ಮರೆವ್ವನಿಗೂ ಋಣಿ, ಅವಳು ಅವತ್ತು ನನ್ನ ಬಾಯಿಂದ 'ಆಗಲಿ' ಬರಗೊಡದೆ ನನ್ನನ್ನು ಉಳಿಸಿದಳು. ಮಾಸ್ತರರು ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ನಿನ್ನ ಪ್ರಶ್ನೆಯ ಇಂಗ್ಲಿಷಿನಲ್ಲಿ ಒಂದು ಅಲ್ಪವಿರಾಮ ತಪ್ಪಿದೆ ಎಂದೂ ತಿಳಿಸಲು ಹೇಳಿದ್ದಾರೆ. ಬೀರಸಿದ್ದಪ್ಪನ ನಮಸ್ಕಾರ. ಅವ್ವ ಬಂದ ಸಪ್ಪಳ ಕೇಳಿಸುತ್ತಿದೆ, ನಿನ್ನ ಆರೋಗ್ಯ ಕೇಳಿದ್ದಾಳೆಂದು ಬರೆ ಎನ್ನುತ್ತಿದ್ದಾಳೆ. ಬರೆದೆ. ಗುಳಿಗೆ ತಗೋ. ನಿನ್ನ ದನಿಯೂ ಮೈಯೂ ಗಟ್ಟಿಯಾಗಿರಲಿ.

ನಿನ್ನ
ಲಖನ

ತಾ.ಕ.: ಮುಖ್ಯ ಮಾತು ಬರೆಯಲು ಇಷ್ಟು ಹೊತ್ತು ಧೈರ್ಯ ಸಾಲಲಿಲ್ಲ, ಈಗ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದರ ಜೊತೆ ಲೋಕಸಭೆಯ ಪ್ರೇಕ್ಷಕರ ಗ್ಯಾಲರಿಯ ಪಾಸಿನ ಫಾರ್ಮು ಇಟ್ಟಿದ್ದೇನೆ. ಐದು ಹೆಸರು ಇವೆ: ಅವ್ವ, ಮರೆವ್ವ, ಅವಳೂರಿನ ಇನ್ನಿಬ್ಬರು, ಮತ್ತು ನಾನು. ಬರುವ ಭಾನುವಾರ ಘಟಪ್ರಭಾ ಸ್ಟೇಶನ್ನಿನಿಂದ ಹೊರಡುತ್ತೇವೆ, ಬುಧವಾರ ಹದಿನೇಳಕ್ಕೆ ಗ್ಯಾಲರಿಗೆ. ಹೋಗೋಣ ಎಂದು ಮೊದಲು ಹೇಳಿದ್ದು ಮರೆವ್ವ. ಅವ್ವ ನಿನ್ನೆಯೇ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾಳೆ. ಫೋನಿನಲ್ಲಿ ಕೇಳಿದರೆ ಚಳಿ, ವಯಸ್ಸು ಎಂದು ನೀನು ಬೇಡ ಅನ್ನುತ್ತೀ, ಅದಕ್ಕೆ ಕೇಳಲಿಲ್ಲ. ಈ ಜನರನ್ನು ಸದಸ್ಯರು ಖುದ್ದಾಗಿ ಬಲ್ಲರೇ ಎಂದು ಫಾರ್ಮಿನಲ್ಲಿ ಒಂದು ಕಲಂ ಇದೆ. ಅವರಲ್ಲಿ ಮೂವರ ಮಕ್ಕಳು ಮೊಮ್ಮಕ್ಕಳಿಗೆ ನೀನೇ ಸೂಜಿ ಹಾಕಿದ್ದೀ, ಹೌದು ಎಂದು ಬರೆ. ಇನ್ನೊಂದು. ಬುಧವಾರ ನೀನು ಸಾಕು ಎಂದಾಗ ನಾನು ಸುಮ್ಮನಿದ್ದದ್ದು ದುಃಖಕ್ಕಲ್ಲ. ನೀನು ಮನೆಗೆ ಬರುತ್ತೀ ಎಂದು ನನಗೆ ಒಳಗೊಳಗೇ ಸಂತೋಷವಾಗಿತ್ತು. ಆ ಸಂತೋಷವನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿಲ್ಲುವುದೋ ಬಿಡುವುದೋ ಈ ನಾಲ್ವರು ಮೇಲೆ ಕುಳಿತು ನಿನ್ನನ್ನು ನೋಡಿ ಹೋದ ಮೇಲೆ ನೀನೇ ಯೋಚಿಸು. ಶುಕ್ರವಾರದೊಳಗೆ ಸಹಿ ಹಾಕಿ ಕೊಟ್ಟುಬಿಡು, ನಮ್ಮ ಟಿಕೇಟುಗಳು ಆಗಿಹೋಗಿವೆ.